ತೀವ್ರವಾದಿಗಳೆಲ್ಲ ಬಂದೂಕು ಹಿಡಿಯುವುದಿಲ್ಲ, ಏಕೆ?

ಈಗಿನ ವ್ಯವಸ್ಥೆಯನ್ನು ಬುಡಸಮೇತ ಬದಲಿಸಬೇಕು, ಮತಪೆಟ್ಟಿಗೆಯಿಂದ ಅದು ಆಗದು ಎಂದು ನಂಬುವವರನ್ನು ತೀವ್ರವಾದಿಗಳು ಎನ್ನಲಾಗುತ್ತದೆ. ಪತ್ರಿಕೆಗಳು ಅವರನ್ನು ಹಿಂಸಾವಾದಿಗಳೊಂದಿಗೆ ಸೇರಿಸಿಬಿಡುವುದುಂಟು. ಇದು ಸರಿಯಲ್ಲ. ಇಂಥ ನಂಬಿಕೆಯುಳ್ಳವರಲ್ಲಿ ಆಯುಧ ಹಿಡಿಯುವವರು ಕೆಲವರು ಮಾತ್ರ. ಗಡಿನಾಡಿನ ವಯನಾಡು ಮತ್ತು ಅನಂತಪುರ ಜಿಲ್ಲೆಗಳ ನಕ್ಸಲೀಯ ಇತಿಹಾಸದಲ್ಲೇ ಇದಕ್ಕೆ ಉದಾಹರಣೆ ಸಿಗುತ್ತದೆ.

1967ರಲ್ಲಿ ಪಶ್ಚಿಮ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರು ದಂಗೆಯೆದ್ದ ಮೇಲೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದಿಂದ ಹಲವರು ದೇಶದೆಲ್ಲೆಡೆ ಹೊರಬಂದರು. ಎಲ್ಲರ ಗುರಿಯೂ ಕ್ರಾಂತಿಯೇ ಆಗಿತ್ತು.

ವಯನಾಡಿನಲ್ಲಿ ಅಡಿಯರು ಜಮೀನ್ದಾರರ ಜೀತದಲ್ಲಿದ್ದರು, ಪುಲ್ಪಳ್ಳಿಯಲ್ಲಿ ದೇವಸ್ವಂ ಜಮೀನಿನ ಒಕ್ಕಲುಗಳಿಗೆ ಎತ್ತಂಗಡಿಯ ಭಯವಿತ್ತು. 1968ರ ನವೆಂಬರಿನಲ್ಲಿ ಕುನ್ನಿಕ್ಕಲ್ ನಾರಾಯಣನ್ ತಂಡ ತಲಶ್ಶೇರಿ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿ ವಿಫಲವಾಯಿತು. ಎರಡು ದಿನ ಕಳೆದು ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ಇನ್ನೊಂದು ತಂಡ ನುಗ್ಗಿ ಒಬ್ಬ ಪೊಲೀಸನನ್ನು ಕೊಂದಿತು. ಆ ತಂಡದಲ್ಲಿದ್ದ ಅಜಿತಾಗೆ ಆಗ 18 ವರ್ಷ. ನಾರಾಯಣನ್ ಅವರ ಮಗಳು, ತಾಯಿ ಮಂದಾಕಿನಿಯೂ ಚಳವಳಿಯಲ್ಲಿದ್ದವರು. ಇನ್ನೊಬ್ಬ ಮುಖಂಡ ವರ್ಗೀಸ್‌ನನ್ನು 1970ರ ಫೆಬ್ರವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ ಪೊಲೀಸರು ಕೊಂದರು. ಅದು ಎನ್‌ಕೌಂಟರ್ ಎಂದೇ ಹೇಳಲಾಗಿತ್ತು. ಹಿಡಿದ ಮೇಲೆ ಮೇಲಧಿಕಾರಿಯ ಆಜ್ಞೆಯಂತೆ ತಾನೇ ಗುಂಡು ಹಾರಿಸಿದ್ದಾಗಿ ಒಬ್ಬ ಕಾನ್‌ಸ್ಟೇಬಲ್ 1998ರಲ್ಲಿ ಒಪ್ಪಿಕೊಂಡರು. 2010ರಲ್ಲಿ ನಿವೃತ್ತ ಐಜಿಯೊಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು.

ಅನಂತಪುರದ ತರಿಮೆಲ ನಾಗಿರೆಡ್ಡಿ ನಂಬಿಕೆಯಲ್ಲಿ ಇವರಿಗಿಂತ ಕಡಿಮೆಯವರೇನಲ್ಲ. ಭೂಮಾಲೀಕರ ಮನೆತನದಲ್ಲಿ ಹುಟ್ಟಿ ತಮ್ಮ ಪಾಲಿನ ಭೂಮಿ ಬಿಟ್ಟುಕೊಟ್ಟವರು. 1952ರ ಚುನಾವಣೆಯಲ್ಲಿ ಸ್ವಂತ ಭಾವ ನೀಲಂ ಸಂಜೀವರೆಡ್ಡಿಯವರನ್ನೇ ಸೋಲಿಸಿದ್ದರು! 1969ರಲ್ಲಿ ಶಾಸಕ ಸ್ಥಾನವನ್ನೂ ಬಿಟ್ಟರು. ಆದರೆ ಜಮೀನ್ದಾರರನ್ನು ಒಬ್ಬೊಬ್ಬರಾಗಿ ಕೊಲ್ಲಬೇಕೆಂಬ ಚಾರು ಮಜುಂದಾರ್ ಮಾರ್ಗವನ್ನು ಅವರು ಒಪ್ಪಲಿಲ್ಲ. ಜನ ಸಂಘಟಿತರಾಗದೆ ಆಯುಧ ಹಿಡಿದರೆ ಪೆಟ್ಟು ತಿನ್ನುವವರು ಜನರೇ ಎಂಬುದು ಅವರ ವಾದ. ಅವರು ಅಹಿಂಸಾವಾದಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಶಸ್ತ್ರ ಕ್ರಾಂತಿಯನ್ನು ತತ್ವದಲ್ಲಿ ಒಪ್ಪಿದ್ದರು. ಅವರನ್ನು ತಡೆದದ್ದು ಕರುಣೆಗಿಂತ ಹೆಚ್ಚಾಗಿ ದಶಕಗಳ ಕಾಲ ರೈತರ ನಡುವೆ ದುಡಿದ ಅನುಭವ ಎನ್ನಬಹುದು. 1976ರಲ್ಲಿ ಭೂಗತರಾಗಿದ್ದಾಗಲೇ ತೀರಿಕೊಂಡರು.

ಹೀಗಾಗಿ ಬಡತನ ಅಥವಾ ಸಿದ್ಧಾಂತ ಮಾತ್ರ ಕಾರಣವೆಂದರೆ ಲೆಕ್ಕ ಹೊಂದುವುದಿಲ್ಲ. ಜೀತದಲ್ಲಿದ್ದ ಅಡಿಯರಲ್ಲಿ ಬಹುಪಾಲು ಜನ ಆಯುಧ ಮುಟ್ಟಲಿಲ್ಲ. ಯಾರ ಜೊತೆ ಇದ್ದರು ಎಂಬುದು ಹೆಚ್ಚು ಮುಖ್ಯ. ಅಮೆರಿಕದ ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರ ಪುಸ್ತಕದಲ್ಲಿ 172 ಜಿಹಾದಿಗಳ ಜೀವನ ಪರಿಶೀಲಿಸಿ, ಅವರನ್ನು ಒಳಗೆಳೆದದ್ದು ಹೆಚ್ಚಾಗಿ ಸ್ನೇಹ ಮತ್ತು ನೆಂಟಸ್ತಿಕೆ ಎಂದು ತೋರಿಸಿದರು. ಅಜಿತಾ ಅವರ ಮನೆಯನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ.

ಇನ್ನೊಂದು ಕಾರಣ ಸೇಡು. ಇಟಲಿ ಮತ್ತು ಜರ್ಮನಿಯ ಚಳವಳಿಗಳನ್ನು ಅಧ್ಯಯನ ಮಾಡಿದ ದೊನಾತೆಲ್ಲಾ ದೆಲ್ಲಾ ಪೋರ್ತಾ, ಪೊಲೀಸರ ಕಠಿಣ ಕ್ರಮವೂ ಚಳವಳಿಯ ಒಂದು ಭಾಗವನ್ನು ಹಿಂಸೆಗೆ ತಳ್ಳುತ್ತದೆ ಎಂದಿದ್ದಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಎಬ್ಬಿಸುವುದರ ವಿರುದ್ಧ ಮಲೆನಾಡಿನ ಹೆಚ್ಚಿನ ಜನ ಸಭೆ, ಮೆರವಣಿಗೆ ನಡೆಸಿದರು. ಕಾಡು ಸೇರಿದವರು ಬೆರಳೆಣಿಕೆಯಷ್ಟು. 2005ರ ಫೆಬ್ರವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅದೇ ವಾರ ಮಡಕಶಿರಾದ ನೆರೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆ ದಾಳಿ ಮಾಡಿ ಹಲವರನ್ನು ಕೊಂದರು. ಮಲೆನಾಡಿನ ಭೂಮಿಯ ಪ್ರಶ್ನೆಗೂ ಶಿಬಿರದಲ್ಲಿ ಮಲಗಿದ್ದ ಸಿಬ್ಬಂದಿಗೂ ಯಾವ ಸಂಬಂಧವೂ ಇರಲಿಲ್ಲ.

ಮರಳಿ ಬಂದವರೂ ಇದ್ದಾರೆ. ಸೆರೆವಾಸ ಮುಗಿಸಿದ ಅಜಿತಾ 1993ರಲ್ಲಿ ಕೋಯಿಕ್ಕೋಡಿನಲ್ಲಿ ಮಹಿಳೆಯರಿಗಾಗಿ ‘ಅನ್ವೇಷಿ’ ಸಂಸ್ಥೆ ಕಟ್ಟಿ, ಕೋರ್ಟು ಮತ್ತು ಬೀದಿ ಹೋರಾಟದ ದಾರಿ ಹಿಡಿದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಮುಂದೆ ಶರಣಾದರು. ಅವರಲ್ಲಿ ಒಬ್ಬರು ವಯನಾಡಿನವರು.