ಚಿತ್ರ ಸೋಲುವ ಸುಳಿವು ನಟನಿಗೆ ಮೊದಲೇ ಸಿಗುವುದೇ?

ಕೊಪ್ಪಳ: ನಿರೀಕ್ಷೆ ಹುಸಿಯಾದ ಚಿತ್ರವೊಂದನ್ನು ನೋಡಿ ಟಾಕೀಸಿನಿಂದ ಹೊರಬರುವ ಪ್ರೇಕ್ಷಕನು ಮೊದಲು ಪ್ರಶ್ನಿಸುವುದು ನಿರ್ದೇಶಕನನ್ನಲ್ಲ, ನಾಯಕನಟನನ್ನು. ಇಷ್ಟು ವರ್ಷಗಳ ಅನುಭವವುಳ್ಳ ಈತನಿಗೆ ಚಿತ್ರ ಹೀಗಿದೆಯೆಂಬುದು ಮೊದಲೇ ತಿಳಿಯಲಿಲ್ಲವೇ? ತಿಳಿದಿದ್ದರೆ ಹಿಂದಿನ ದಿನದವರೆಗೂ ದೂರದರ್ಶನದ ಪರದೆಯ ಮೇಲೆ ನಿಂತು ಅದನ್ನು ಹಾಡಿ ಹೊಗಳಿದ್ದೇಕೆ? ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಿಂದ ಬಸ್ಸಿಗೆ ಹಣ ತೆತ್ತು, ಟಿಕೆಟ್ಟಿಗೂ ಹಣ ತೆತ್ತು ಬರುವವನಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತನಗೆ ಮೋಸವಾಯಿತೇ ಇಲ್ಲವೇ ಎಂಬುದನ್ನು ಆತ ಕೇಳುತ್ತಿದ್ದಾನೆ.

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಉದಾಹರಣೆ ಇದೆ. ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಸಮೀಪವಿರುವ ಕುಮ್ಮಟದುರ್ಗವು ಕಂಪಿಲರಾಯನ ಮಗನಾದ ಕುಮಾರರಾಮನ ಕೋಟೆ. 1327ರಲ್ಲಿ ದೆಹಲಿ ಸುಲ್ತಾನರ ಸೇನೆಯ ಎದುರು ಕಂಪಿಲಿ ರಾಜ್ಯವು ಪತನಗೊಂಡರೂ ಕುಮಾರರಾಮನ ಕಥೆ ಪತನಗೊಳ್ಳಲಿಲ್ಲ. ನಂಜುಂಡ ಕವಿಯ ಸಾಂಗತ್ಯದಿಂದ ಹಿಡಿದು ಜನಪದರ ಹಾಡುಗಳವರೆಗೆ ಅದು ಉಳಿದು ಬಂದಿದೆ. ಮಲತಾಯಿ ರತ್ನಾಜಿಯ ಮೋಹವನ್ನು ತಿರಸ್ಕರಿಸಿದ ರಾಜಕುಮಾರನ ಶಿರಚ್ಛೇದಕ್ಕೆ ತಂದೆಯೇ ಆಜ್ಞೆ ಮಾಡುವ ಈ ಕಥಾನಕದಲ್ಲಿ ಸಿನಿಮಾಕ್ಕೆ ಬೇಕಾದುದೆಲ್ಲವೂ ಇದೆ. ಎಚ್.ಆರ್. ಭಾರ್ಗವ ಅವರ ನಿರ್ದೇಶನದಲ್ಲಿ ಶಿವರಾಜಕುಮಾರ್ ನಾಯಕರಾಗಿ ಅಭಿನಯಿಸಿದ 'ಗಂಡುಗಲಿ ಕುಮಾರರಾಮ' ಚಿತ್ರವು 2006ರಲ್ಲಿ ತೆರೆಕಂಡಿತು. ಅದರ ಹಿಂದಿನ ವರ್ಷವಷ್ಟೇ ಅದೇ ನಟರ 'ಜೋಗಿ' ಭರ್ಜರಿ ಯಶಸ್ಸು ಕಂಡಿತ್ತು. ಆದರೆ ಐತಿಹಾಸಿಕ ಚಿತ್ರಕ್ಕೆ ಆ ಭಾಗ್ಯ ಒದಗಲಿಲ್ಲ.

ಕಥೆ ಬಲವಾದುದು, ನಿರ್ದೇಶಕರು ಅನುಭವಿಗಳು, ನಾಯಕರು ಜನಪ್ರಿಯತೆಯ ತುದಿಯಲ್ಲಿದ್ದರು. ಚಿತ್ರೀಕರಣದ ದಿನಗಳಲ್ಲಿ ಕತ್ತಿ ಹಿಡಿದು ನಿಂತ ನಟನೊಬ್ಬನಿಗೆ ಸೋಲಿನ ವಾಸನೆ ಬಡಿಯಲು ಇಲ್ಲಿ ಯಾವ ಕಾರಣವಿತ್ತು? ಇದ್ದಂತೆ ತೋರುವುದಿಲ್ಲ. ಹಾಗಾಗಿ ಪ್ರೇಕ್ಷಕನ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಟನ ಮನಸ್ಸಿಗಿಂತ ಮೊದಲು ಆತನ ಕೆಲಸದ ರೀತಿಯನ್ನು ನೋಡಬೇಕಾಗುತ್ತದೆ.

ಕುಕನೂರಿನ ನಟನಿಗೆ ತಿಳಿಯುತ್ತಿದ್ದುದು

ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕುಕನೂರು ವೃತ್ತಿ ರಂಗಭೂಮಿಗೆ ಹೆಸರಾದ ಊರು. ಇಲ್ಲಿನ ಕಲಾವಿದರು ಜಾತ್ರೆಯಿಂದ ಜಾತ್ರೆಗೆ ಸಾಗಿ, ಬಾದಾಮಿಯ ಬನಶಂಕರಿಯಲ್ಲಿಯೂ ಇತರ ಜಾತ್ರೆಗಳಲ್ಲಿಯೂ ತಗಡಿನ ಥಿಯೇಟರುಗಳಲ್ಲಿ ನಾಟಕವಾಡಿ ಬದುಕು ಕಟ್ಟಿಕೊಂಡವರು. ಕಂಪನಿ ನಾಟಕದ ನಟನಿಗೆ ತನ್ನ ನಾಟಕ ಸೋಲುತ್ತಿದೆಯೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೊದಲ ಅಂಕ ಮುಗಿಯುವಷ್ಟರಲ್ಲಿ ಆತನಿಗೆ ಅದು ತಿಳಿದಿರುತ್ತಿತ್ತು. ಎದುರಿನ ಚಾಪೆಯ ಮೇಲೆ ಕುಳಿತವರು ಎದ್ದು ಚಹಾದಂಗಡಿಯತ್ತ ನಡೆದರೆ ಅದೇ ವಿಮರ್ಶೆ. ಹಾಡಿಗೆ 'ಒನ್ಸ್ ಮೋರ್' ಬಾರದಿದ್ದರೆ ಅದೂ ವಿಮರ್ಶೆ. ರಾತ್ರಿ ಗಲ್ಲೆಯ ಲೆಕ್ಕ ಮುಗಿದಾಗ ಮಾಲೀಕನ ಮುಖವೇ ತೀರ್ಪು.

ಅದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ತಿಳಿದ ಮೇಲೆ ಏನಾದರೂ ಮಾಡಲು ಆತನಿಗೆ ಮರುದಿನ ರಾತ್ರಿಯೆಂಬುದಿತ್ತು. ಹಾಸ್ಯದ ಮಾತು ಸೇರಿಸಬಹುದು, ಎಳೆದಾಡುವ ದೃಶ್ಯವನ್ನು ಕತ್ತರಿಸಬಹುದು, ವಾರ ಕಳೆದರೂ ಜನ ಬಾರದಿದ್ದರೆ ಕಂಪನಿಯು ನಾಟಕವನ್ನೇ ಬದಲಾಯಿಸಬಹುದು. ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಡಾ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದವರು ಇಂತಹ ಕಂಪನಿಗಳಲ್ಲಿ ಪಳಗಿ ಬಂದವರು. ಸ್ಟುಡಿಯೋದೊಳಗೆ ಕಾಲಿಟ್ಟಾಗ ಅವರ ಪಾಲಿಗೆ ಮಾಯವಾದುದು ಈ ಎದುರಿನ ಜನ.

ತುಂಡುಗಳಲ್ಲಿ ಕಾಣುವ ಚಿತ್ರ

ಸಿನಿಮಾ ನಟನು ತನ್ನ ಚಿತ್ರವನ್ನು ಕ್ರಮವಾಗಿ ಅಭಿನಯಿಸುವುದಿಲ್ಲ. ಕೊನೆಯ ದೃಶ್ಯವನ್ನು ಮೊದಲ ವಾರದಲ್ಲಿಯೇ ಚಿತ್ರಿಸಬಹುದು; ಪ್ರೇಮದ ಹಾಡು ಮುಗಿದ ಎರಡು ತಿಂಗಳ ನಂತರ ಪ್ರೇಮಿಗಳ ಮೊದಲ ಭೇಟಿ ನಡೆಯಬಹುದು. ತಾನಿಲ್ಲದ ದೃಶ್ಯಗಳ ಚಿತ್ರೀಕರಣದಲ್ಲಿ ಆತ ಇರುವುದೇ ಇಲ್ಲ. ಇಂದು ತಾನು ಚೆನ್ನಾಗಿ ಮಾಡಿದೆನೇ ಎಂಬುದನ್ನು ಬಲ್ಲ ನಟನಿಗೆ ಒಟ್ಟು ಚಿತ್ರ ಹೇಗಾಗುವುದೆಂಬುದು ತಿಳಿಯುವುದು ಕಷ್ಟ. ಸಂಕಲನಕಾರನ ಮೇಜಿನ ಮೇಲೆ ಹದಿನೈದು ನಿಮಿಷ ಹೋದರೆ ಚಿತ್ರದ ಗತಿಯೇ ಬೇರೆಯಾಗುತ್ತದೆ. ಹಿನ್ನೆಲೆ ಸಂಗೀತ ಸೇರಿದಾಗ ಸಪ್ಪೆಯಾಗಿದ್ದ ದೃಶ್ಯಕ್ಕೆ ಜೀವ ಬರುವುದುಂಟು, ಇದ್ದ ಜೀವ ಹೋಗುವುದೂ ಉಂಟು.

ನಟನಿಗೆ ಚಿತ್ರದ ರೂಪ ಮೊದಲು ಕಾಣುವುದು ಹೆಚ್ಚಾಗಿ ಡಬ್ಬಿಂಗ್ ಕೋಣೆಯಲ್ಲಿ. ಕನ್ನಡದಲ್ಲಿ ಬಹುಪಾಲು ಚಿತ್ರಗಳಿಗೆ ಮಾತನ್ನು ಚಿತ್ರೀಕರಣದ ನಂತರ ಸೇರಿಸುವ ಪದ್ಧತಿ ಇರುವುದರಿಂದ, ಆತ ಕತ್ತಲೆಯ ಕೋಣೆಯಲ್ಲಿ ನಿಂತು ತನ್ನದೇ ತುಟಿಗಳನ್ನು ಮತ್ತೆ ಮತ್ತೆ ನೋಡುತ್ತಾನೆ. ಚಿತ್ರದ ಬಗ್ಗೆ ಅನುಮಾನ ಹುಟ್ಟುವುದಾದರೆ ಇಲ್ಲಿಯೇ ಹುಟ್ಟುತ್ತದೆ. ಆದರೆ ಅಷ್ಟರಲ್ಲಿ ಹಣವೆಲ್ಲ ಖರ್ಚಾಗಿ, ಬಿಡುಗಡೆಯ ದಿನ ಗೊತ್ತಾಗಿರುತ್ತದೆ.

ಇದಕ್ಕೂ ಮುಂಚಿನ ಕೆಲವು ಲಕ್ಷಣಗಳನ್ನು ಅನುಭವಿಗಳು ಗುರುತಿಸಬಲ್ಲರು. ಸಂಭಾಷಣೆಯ ಹಾಳೆಗಳು ಅಂದಂದೇ ಸೆಟ್ಟಿಗೆ ಬರುವುದು, ಮುಗಿದ ದೃಶ್ಯಗಳನ್ನು ಪದೇ ಪದೇ ಮರುಚಿತ್ರೀಕರಿಸುವುದು, ನಿರ್ಮಾಪಕ ಹಾಗೂ ನಿರ್ದೇಶಕರು ಒಟ್ಟಿಗೆ ಊಟಕ್ಕೆ ಕೂರದಿರುವುದು, ಬಿಡುಗಡೆ ಮುಂದೆ ಮುಂದೆ ಹೋಗುವುದು, ಪತ್ರಕರ್ತರಿಗೆ ಚಿತ್ರ ತೋರಿಸಲು ಮೀನಮೇಷ ಎಣಿಸುವುದು ಇತ್ಯಾದಿ. ಇವು ಕೆಟ್ಟ ಚಿತ್ರದ ಲಕ್ಷಣಗಳೇ ಹೌದಾದರೂ ಒಳ್ಳೆಯ ಚಿತ್ರಗಳಲ್ಲಿಯೂ ಕಂಡುಬಂದಿವೆ ಎಂಬುದೇ ತೊಡಕು.

ರಾಮನಗರದ ಬಂಡೆಗಳು ಕಲಿಸಿದ ಪಾಠ

ಸುಳಿವು ಹುಸಿಯಾದ ಪ್ರಸಂಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನಮ್ಮ ನಾಡಿನ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ'ಯದು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಾಗ ವಿಮರ್ಶಕರು ಅದನ್ನು ಮೆಚ್ಚಲಿಲ್ಲ. ಮುಂಬಯಿಯ ವ್ಯಾಪಾರಿ ವಲಯವು ಇದು ಮುಗಿದ ಕಥೆ ಎಂದೇ ಭಾವಿಸಿತು. ಪ್ರೇಕ್ಷಕರು ಚಪ್ಪಾಳೆಯನ್ನೂ ತಟ್ಟದೆ, ಶಿಳ್ಳೆಯನ್ನೂ ಹಾಕದೆ ಮೌನವಾಗಿ ಕುಳಿತಿದ್ದುದು ತಂಡವನ್ನು ಕಂಗೆಡಿಸಿತು. ಅಮಿತಾಭ್ ಬಚ್ಚನ್ ಅವರ ಮನೆಯಲ್ಲಿ ಸಭೆ ಸೇರಿ, ಜೈ ಪಾತ್ರವು ಕೊನೆಗೆ ಬದುಕುಳಿಯುವಂತೆ ಅಂತ್ಯವನ್ನು ಮತ್ತೆ ಚಿತ್ರಿಸಬೇಕೇ ಎಂದು ಚರ್ಚಿಸಿದರು. 'ಜಂಜೀರ್' ಮತ್ತು 'ದೀವಾರ್' ಚಿತ್ರಗಳ ನಂತರ ಬಚ್ಚನ್ ಸಾಯುವುದನ್ನು ಜನ ಸಹಿಸಲಾರರು ಎಂಬುದು ಅವರ ತರ್ಕವಾಗಿತ್ತು. ಸೋಮವಾರದವರೆಗೆ ಕಾದು ನೋಡೋಣವೆಂದು ನಿರ್ದೇಶಕ ರಮೇಶ್ ಸಿಪ್ಪಿ ನಿರ್ಧರಿಸಿದರು.

ಆ ಮೌನದ ಅರ್ಥವನ್ನು ಬಿಡಿಸಿ ಹೇಳಿದವರು ನಟರೂ ಅಲ್ಲ, ವಿಮರ್ಶಕರೂ ಅಲ್ಲ, ಚಿತ್ರಮಂದಿರದ ಮಾಲೀಕರೊಬ್ಬರು. ತಮ್ಮಲ್ಲಿ ತಂಪು ಪಾನೀಯ ಹಾಗೂ ಐಸ್‌ಕ್ರೀಮ್ ಮಾರಾಟ ಇಳಿದಿದೆ, ಏಕೆಂದರೆ ಜನ ಆಸನ ಬಿಟ್ಟು ಏಳುತ್ತಲೇ ಇಲ್ಲ ಎಂಬುದು ಅವರ ಮಾತಿನ ಸಾರ. ಮುಂದೆ ಅದೇ ಚಿತ್ರ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಗಬ್ಬರ್ ಸಿಂಗ್ ಪಾತ್ರಕ್ಕೆ ಅಮ್ಜದ್ ಖಾನ್ ಅವರ ದನಿ ಸಾಲದು, ಬೇರೆಯವರಿಂದ ಮಾತನಾಡಿಸಬೇಕು ಎಂಬ ಚರ್ಚೆಯೂ ಒಳಗೆ ನಡೆದಿತ್ತು. ಅದೇ ದನಿಯ ಸಂಭಾಷಣೆಗಳ ಧ್ವನಿಮುದ್ರಿಕೆಗಳು ಮುಂದೆ ಊರೂರಿನ ಹೋಟೆಲುಗಳಲ್ಲಿ ಮೊಳಗಿದವು.

ಹೊರದೇಶಗಳಲ್ಲಿಯೂ ಇಂತಹ ತಪ್ಪು ಲೆಕ್ಕಗಳಿವೆ. 1976ರಲ್ಲಿ 'ಸ್ಟಾರ್ ವಾರ್ಸ್' ಚಿತ್ರೀಕರಣದ ವೇಳೆ ಹಿರಿಯ ನಟ ಅಲೆಕ್ ಗಿನ್ನೆಸ್ ತಮ್ಮ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಸಂಭಾಷಣೆಗಳನ್ನು ಕಸವೆಂದೇ ಜರೆದಿದ್ದರು. ಚಿತ್ರ ಜಗತ್ತನ್ನೇ ಗೆದ್ದಿತು. ಲಾಭದಲ್ಲಿ ಪಾಲು ಒಪ್ಪಿಕೊಂಡಿದ್ದ ಗಿನ್ನೆಸ್ ಶ್ರೀಮಂತರಾದರು. 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರದ ನಾಯಕ ಕ್ರಿಸ್ಟೋಫರ್ ಪ್ಲಮರ್ ಆ ಹೆಸರನ್ನೇ ತಿರುಚಿ ಹಾಸ್ಯ ಮಾಡುತ್ತಿದ್ದರು. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂದಿತು.

ಯಾರ ನಿರಾಸೆ?

ವಿಮರ್ಶಕನ ನಿರಾಸೆ ಬೇರೆ, ಪ್ರೇಕ್ಷಕನ ನಿರಾಸೆ ಬೇರೆ. ಇವೆರಡನ್ನೂ ಒಂದೇ ಎಂದು ಎಣಿಸಿದರೆ ಚರ್ಚೆ ದಾರಿ ತಪ್ಪುತ್ತದೆ. ಗಿರೀಶ್ ಕಾರ್ನಾಡ್ ಮತ್ತು ಪಿ. ಲಂಕೇಶ್ ನಟಿಸಿದ 'ಸಂಸ್ಕಾರ' ಚಿತ್ರಕ್ಕೆ ಸೆನ್ಸಾರ್ ಮಂಡಳಿಯು ಮೊದಲು ಅನುಮತಿಯನ್ನೇ ನಿರಾಕರಿಸಿತ್ತು. ಅದೇ ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ದೂರದರ್ಶನದ 'ಕಾಮಿಡಿ ಟೈಮ್' ಕಾರ್ಯಕ್ರಮದಿಂದ ಬಂದ ಗಣೇಶ್ ಅವರ 'ಮುಂಗಾರು ಮಳೆ' 2006ರ ಕೊನೆಯಲ್ಲಿ ಬಿಡುಗಡೆಯಾದಾಗ ಅದು ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷಕ್ಕೂ ಮಿಕ್ಕಿ ಓಡುವುದೆಂದು ಉದ್ಯಮ ಎಣಿಸಿರಲಿಲ್ಲ. ರಕ್ಷಿತ್ ಶೆಟ್ಟಿ ನಿರ್ದೇಶಿಸಿ ನಟಿಸಿದ 'ಉಳಿದವರು ಕಂಡಂತೆ' 2014ರಲ್ಲಿ ಹಣ ತರಲಿಲ್ಲ. ಮೂರು ವರ್ಷಗಳ ನಂತರ ಅದು ತಮಿಳಿಗೆ ಹೋಯಿತು. ಇಂದು ಯುವ ನಿರ್ದೇಶಕರು ಅದನ್ನು ಗೌರವದಿಂದ ನೆನೆಯುತ್ತಾರೆ.

ತಿಳಿದೂ ಹೇಳಲಾಗದ ಮಾತು

ಇಷ್ಟೆಲ್ಲ ಹೇಳಿದ ಮೇಲೂ, ಕೆಲವು ಬಾರಿ ನಟನಿಗೆ ಖಂಡಿತವಾಗಿ ತಿಳಿದಿರುತ್ತದೆ ಎಂಬುದನ್ನು ಒಪ್ಪಲೇಬೇಕು. ಆಗ ಆತ ಮೌನವಾಗಿರುವುದೇಕೆ? ಪ್ರಚಾರದಲ್ಲಿ ಪಾಲ್ಗೊಳ್ಳುವುದು ಒಪ್ಪಂದದ ಭಾಗ. ಸಂಭಾವನೆಯ ಕೊನೆಯ ಕಂತು ಸಾಮಾನ್ಯವಾಗಿ ಡಬ್ಬಿಂಗ್ ಹೊತ್ತಿಗೆ ಬರಬೇಕಾಗಿರುತ್ತದೆ. ಮಾತು ಜಾರಿದರೆ ಮುಂದಿನ ಚಿತ್ರವೂ ಜಾರುತ್ತದೆ. ಪತ್ರಿಕಾಗೋಷ್ಠಿಗಳಲ್ಲಿ ಕೂತು ಕೇಳಿದವರಿಗೆ ಗೊತ್ತು: ಪ್ರತಿಯೊಂದು ಚಿತ್ರವೂ 'ವಿಭಿನ್ನ', ಪ್ರತಿಯೊಂದು ಪಾತ್ರವೂ 'ಸವಾಲಿನದು'. ಆ ಮಾತುಗಳನ್ನು ಬರೆದುಕೊಳ್ಳುವ ನಮ್ಮ ಕೈಯೂ ಅಷ್ಟೇನೂ ನಿರ್ದೋಷಿಯಲ್ಲ. ನಾಯಕನ ಜತೆಗೆ ನೂರಾರು ಜನ ಬೆಳಕಿನವರು, ಅಡುಗೆಯವರು, ಸಹನಟರು ಅದೇ ಚಿತ್ರವನ್ನು ನಂಬಿರುತ್ತಾರೆಂಬುದನ್ನೂ ಮರೆಯಲಾಗದು.

ಕಾದಂಬರಿಕಾರನಿಗಾದರೋ ಈ ಕಟ್ಟುಪಾಡಿಲ್ಲ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನೋಡಿದ ತ.ರಾ.ಸು. ಅವರು ಇದು ನಾಗರಹಾವಲ್ಲ, ಕೇರೆಹಾವು ಎಂದರೆಂಬುದು ಚಿತ್ರರಸಿಕರಲ್ಲಿ ಇಂದಿಗೂ ಪ್ರಚಲಿತವಾಗಿರುವ ಮಾತು. ಆ ಚಿತ್ರದಿಂದಲೇ ನಾಯಕರಾಗಿ ಬೆಳಕಿಗೆ ಬಂದ ವಿಷ್ಣುವರ್ಧನ್ ಅಂತಹ ಮಾತನಾಡಲು ಸಾಧ್ಯವಿತ್ತೇ? ಮೂಲ ಲೇಖಕರಿಗೆ ಹಿಡಿಸದ ಆ ಚಿತ್ರವನ್ನು ಜನ ತಲೆಯ ಮೇಲೆ ಹೊತ್ತು ಮೆರೆಸಿದರೆಂಬುದು ಬೇರೆಯ ಮಾತು.

ನಟರು ಬಾಯಿಬಿಡುವುದು ಸೋಲಿನ ನಂತರ. 'ಥಗ್ಸ್ ಆಫ್ ಹಿಂದೂಸ್ತಾನ್' ಮುಗ್ಗರಿಸಿದಾಗ ಆಮಿರ್ ಖಾನ್ 2018ರ ನವೆಂಬರಿನಲ್ಲಿಯೇ ಹೊಣೆ ಹೊತ್ತು ಪ್ರೇಕ್ಷಕರ ಕ್ಷಮೆ ಕೇಳಿದರು. ಹಾಲಿವುಡ್ಡಿನ ಹ್ಯಾಲಿ ಬೆರ್ರಿ 2005ರಲ್ಲಿ 'ಕ್ಯಾಟ್‌ವುಮನ್' ಚಿತ್ರಕ್ಕೆ ದೊರೆತ ಅತಿ ಕೆಟ್ಟ ನಟಿಯೆಂಬ ಅಣಕು ಪ್ರಶಸ್ತಿಯನ್ನು ಖುದ್ದಾಗಿ ವೇದಿಕೆಗೆ ಬಂದು ಸ್ವೀಕರಿಸಿದರು. ಪ್ರೇಕ್ಷಕನ ಟಿಕೆಟ್ ಹಣ ಅಷ್ಟರಲ್ಲಿ ಹೋಗಿರುತ್ತದೆಯಾದರೂ ಆ ಧೈರ್ಯ ಸಣ್ಣದಲ್ಲ.

ಸುದ್ದಿ ಮೊದಲು ಬರುತ್ತಿದ್ದ ಕಾಲ

ವಿತರಕರ ಭಾಷೆಯಲ್ಲಿ 'ಹೈದರಾಬಾದ್ ಕರ್ನಾಟಕ' ಎನಿಸಿಕೊಂಡ ನಮ್ಮ ಭಾಗಕ್ಕೆ ಹಿಂದೆ ಚಿತ್ರಗಳು ತಡವಾಗಿ ಬರುತ್ತಿದ್ದವು. ಪ್ರಿಂಟುಗಳು ಕಡಿಮೆ, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಓಡಿದ ಡಬ್ಬಿಗಳು ಗಂಗಾವತಿ, ಕೊಪ್ಪಳಗಳಿಗೆ ತಲುಪುವಷ್ಟರಲ್ಲಿ ಪತ್ರಿಕೆಗಳ ವಿಮರ್ಶೆ ಹಳೆಯದಾಗಿರುತ್ತಿತ್ತು. ತಡವಾಗಿ ನೋಡುವುದು ಅವಮಾನವೆನಿಸುತ್ತಿದ್ದರೂ ಅದರಲ್ಲೊಂದು ರಕ್ಷಣೆ ಇತ್ತು. ಉಪಗ್ರಹದ ಮೂಲಕ ಡಿಜಿಟಲ್ ಪ್ರದರ್ಶನ ಬಂದ ಮೇಲೆ ಬೆಂಗಳೂರಿನಲ್ಲಿಯೂ ಇಲ್ಲಿಯೂ ಒಂದೇ ಶುಕ್ರವಾರ. ಮೊದಲ ಆಟಕ್ಕೆ ಹೋಗುವವನ ಬಳಿ ಇರುವುದು ನಟನ ಮಾತು ಮಾತ್ರ. ಎರಡನೆಯ ಆಟದ ಹೊತ್ತಿಗೆ ಮೊಬೈಲ್ ಫೋನಿನಲ್ಲಿ ತೀರ್ಪು ಹರಿದಾಡುತ್ತಿರುತ್ತದೆ, ಅದರಲ್ಲಿ ಅಭಿಮಾನಿಗಳದೆಷ್ಟು, ವಿರೋಧಿಗಳದೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಚಿಕ್ಕ ಊರಿನ ಟಾಕೀಸಿನ ಮಾಲೀಕನಿಗಂತೂ ಭಾನುವಾರ ರಾತ್ರಿಯೊಳಗೆ ಎಲ್ಲವೂ ತೀರ್ಮಾನವಾಗಿರುತ್ತದೆ.

ಮುನ್ಸೂಚನೆಯ ವಿಷಯದಲ್ಲಿ ನಮ್ಮ ಸೀಮೆಯಿಂದಲೇ ಹೊರಟ ಚಿತ್ರವೊಂದನ್ನು ಹೆಸರಿಸದೆ ಇರಲಾಗದು. 1997ರವರೆಗೆ ಕೊಪ್ಪಳವೂ ಸೇರಿದ್ದ ರಾಯಚೂರು ಜಿಲ್ಲೆಯ ಲೇಖಕ ಅಮರೇಶ ನುಗಡೋಣಿ ಅವರ 'ಸವಾರಿ' ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಚಿತ್ರ ಮಾಡಿದರು. ಅದರ ಈರ್ಯಾ ಗುಂಡಿ ತೋಡುವವನು; ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಿನಲ್ಲಿ ಸಾವಾಗಿದೆಯೆಂದು ಆತನಿಗೆ ಖಚಿತ. ಒಮ್ಮೆ ಕನಸು ಬಿದ್ದರೂ ಸಾವಿನ ಸುದ್ದಿ ಬರುವುದಿಲ್ಲ. ಗೌಡರ ಮನೆಯವರು ಸಾವನ್ನು ಮುಚ್ಚಿಟ್ಟಿರುತ್ತಾರೆ. ತನ್ನ ಕನಸೇ ಸುಳ್ಳಾಯಿತೆಂದು ಈರ್ಯಾ ಕುಸಿಯುತ್ತಾನೆ. ಆ ಪಾತ್ರವನ್ನು ಮಾಡಿದ ಬೀದರ ಜಿಲ್ಲೆಯ ವೈಜನಾಥ ಬಿರಾದಾರ ಅವರು ಅದುವರೆಗೆ ಭಿಕ್ಷುಕ, ಕುಡುಕರ ಚಿಕ್ಕ ಹಾಸ್ಯಪಾತ್ರಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಂಡವರು. 2011ರಲ್ಲಿ ಅವರಿಗೆ ಸ್ಪೇನಿನ ಮ್ಯಾಡ್ರಿಡ್ ನಗರದ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು.