ವಿಕ್ರಯಕ್ಕೆ ಬಂದ ಗುತ್ತಿನ ಮನೆ: ತುಳುನಾಡಿನ ಮನೆತನದ ಸೊತ್ತು ಕ್ರಯದ ವಸ್ತುವಾದ ಬಗೆ

ಕಡಲಿಗೆ ಸಮೀಪದ ಹಳ್ಳಿಯೊಂದರಲ್ಲಿ ಹಳೆಯ ಕಾಲದ ಮನೆಯೊಂದು ಬಾವಿ, ತೆಂಗಿನ ತೋಟಗಳ ಸಹಿತ ವಿಕ್ರಯಕ್ಕಿದೆಯೆಂಬ ಪ್ರಕಟಣೆ ಇಂದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಯಾರಿಗೂ ಆಶ್ಚರ್ಯವನ್ನುಂಟುಮಾಡುವುದಿಲ್ಲ. ಕೊಳ್ಳುವವನು ಕಂಬಗಳ ಕೆತ್ತನೆಯನ್ನೂ ರಸ್ತೆಯ ದೂರವನ್ನೂ ವಿಚಾರಿಸುತ್ತಾನೆ. ಮಾರುವವನು ಮನೆಗೆ ಇನ್ನೂರು ವರ್ಷವಾಯಿತೆನ್ನುತ್ತಾನೆ. ಬೆಲೆ ಕುದುರುತ್ತದೆ, ಇಲ್ಲವೆ ಕುದುರುವುದಿಲ್ಲ. ಆದರೆ ಆ ಮನೆಯು ಗುತ್ತಿನ ಮನೆಯಾಗಿದ್ದ ಪಕ್ಷದಲ್ಲಿ ಇತಿಹಾಸದ ದೃಷ್ಟಿಯಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಮಾರುವುದಕ್ಕೆ ಆ ಮನೆ ಯಾರದು, ಅದು ಮಾರಬಹುದಾದ ವಸ್ತುವಾದದ್ದು ಯಾವಾಗ ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವು ಮನೆಯ ಗೋಡೆಗಳಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಆ ಮನೆಯನ್ನು ನಿಲ್ಲಿಸಿದ್ದ ಎರಡು ವ್ಯವಸ್ಥೆಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಒಂದು ಅಳಿಯಸಂತಾನದ ಕಟ್ಟು, ಇನ್ನೊಂದು ಗೇಣಿ.

ತುಳುನಾಡಿನಲ್ಲಿ ಬೀಡು, ಗುತ್ತು, ಬರ್ಕೆ ಮೊದಲಾದ ಹೆಸರುಗಳಿಂದ ಕರೆಯಲ್ಪಡುವ ಮನೆಗಳು ಬರಿಯ ವಾಸಸ್ಥಾನಗಳಾಗಿರಲಿಲ್ಲ. ಜೈನ ಅರಸುಮನೆತನಗಳ ಮತ್ತು ಬಲ್ಲಾಳರ ಬೀಡುಗಳ ಕೆಳಗೆ ಒಂದೊಂದು ಊರಿನ ಆಡಳಿತವನ್ನೂ ಧಾರ್ಮಿಕ ಮುಂದಾಳ್ತನವನ್ನೂ ವಹಿಸಿದ್ದ ಮನೆತನಗಳಿಗೆ ಗುತ್ತು ಎಂಬ ಹೆಸರು ಸಲ್ಲುತ್ತಿತ್ತು. ಇವುಗಳಲ್ಲಿ ಬಹುಪಾಲು ಬಂಟ ಮನೆತನಗಳು. ಗುತ್ತಿನ ಯಜಮಾನನು ‘ಗಡಿ ಹಿಡಿದು’ ಅಧಿಕಾರವನ್ನು ಸ್ವೀಕರಿಸುವ ಸಂಪ್ರದಾಯವಿತ್ತು; ಕೆಲವು ಮನೆತನಗಳಲ್ಲಿ ಈಗಲೂ ಇದೆ. ಆದುದರಿಂದ ಮನೆಯೆಂದರೆ ಒಬ್ಬನ ಸಂಪಾದನೆ ಎಂಬುದಕ್ಕಿಂತ ಒಂದು ಸ್ಥಾನ ಎಂದು ತಿಳಿಯುವುದೇ ಸರಿಯಾದೀತು.

ಈ ಸ್ಥಾನಕ್ಕೆ ತಕ್ಕಂತೆ ಮನೆಯ ರಚನೆಯಿತ್ತು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಮಾಡು ಕಡಿದಾಗಿ ಇಳಿಯಬೇಕು. ಸೂರು ಗೋಡೆಯನ್ನು ಮರೆಮಾಡುವಷ್ಟು ಮುಂದೆ ಚಾಚಬೇಕು. ಗೋಡೆಗೆ ಮಣ್ಣು ಅಥವಾ ಮುರಕಲ್ಲು. ಭೂಮಿಯೊಳಗಿರುವಾಗ ಕಡಿಯುವುದಕ್ಕೆ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕನನ್. ಆತನು ಮಲಬಾರನ್ನೂ ಕನ್ನಡ ಜಿಲ್ಲೆಯನ್ನೂ ಸುತ್ತಿ ಬರೆದ ಪ್ರವಾಸಗ್ರಂಥವು ೧೮೦೭ರಲ್ಲಿ ಪ್ರಕಟವಾಯಿತು. ಕಂಬ, ತೊಲೆ, ಬಾಗಿಲುವಾಡಗಳಿಗೆ ಹಲಸು, ಕಿರಾಲಬೋಗಿ, ತೇಗದ ಮರಗಳು. ಮುಂದೆ ಅಂಗಳ, ತುಳಸಿಕಟ್ಟೆ. ಅಂಗಳವನ್ನು ದಾಟಿದರೆ ಚಾವಡಿ. ಊರಿನ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದುದು ಇಲ್ಲಿಯೇ. ಚಾವಡಿಯ ಒಂದು ಪಾರ್ಶ್ವದಲ್ಲಿಯೋ ಅದಕ್ಕೆ ಹೊಂದಿದ ಕೋಣೆಯಲ್ಲಿಯೋ ಮನೆತನದ ದೈವದ ಮಂಚ ಅಥವಾ ಉಯ್ಯಾಲೆ. ಹಿತ್ತಿಲ ಕಡೆಗೆ ನಾಗಬನ. ಒಳಗೆ ಭತ್ತವನ್ನು ತುಂಬುವ ಕಣಜ, ಕಲೆಂಬಿಯೆಂಬ ಮರದ ದೊಡ್ಡ ಪೆಟ್ಟಿಗೆ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗಳು. ಇಷ್ಟು ದೊಡ್ಡ ಕಣಜವು ಒಂದು ಕುಟುಂಬದ ಊಟಕ್ಕಾಗಿ ಕಟ್ಟಿದುದಲ್ಲವೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ಅದು ಗೇಣಿಯ ಕಣಜ.

ಮೊದಲು ಸ್ವಾಮ್ಯದ ವಿಷಯವನ್ನು ನೋಡಬಹುದು. ಅಳಿಯಸಂತಾನದ ಕಟ್ಟನ್ನು ಭೂತಾಳಪಾಂಡ್ಯನು ವಿಧಿಸಿದನೆಂದು ಐತಿಹ್ಯ ಹೇಳುತ್ತದೆ. ಹಡಗುಗಳ ಬಿಡುಗಡೆಗಾಗಿ ಕುಂಡೋದರನೆಂಬ ಭೂತವು ಬಲಿ ಕೇಳಿದಾಗ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ. ತಂಗಿಯಾದರೋ ತನ್ನ ಮಗನನ್ನು ಒಪ್ಪಿಸಿದಳು. ಅಂದಿನಿಂದ ಆಸ್ತಿ ಅಳಿಯನಿಗಾಯಿತು ಎಂಬುದು ಕಥೆ. ಕಥೆಯ ಐತಿಹಾಸಿಕತೆ ಹೇಗಾದರೂ ಇರಲಿ, ಅದರ ಹಿಂದಿನ ಕಟ್ಟು ಮಾತ್ರ ನಿಜವಾದದ್ದು. ಮನೆ ಮತ್ತು ಭೂಮಿ ಹೆಣ್ಣಿನ ಸಂತತಿಯ ಮೂಲಕ ಇಳಿದುಬರುತ್ತಿದ್ದುವು. ಒಬ್ಬ ಮೂಲಸ್ತ್ರೀಯ ಸಂತಾನವೆಲ್ಲ ಸೇರಿ ‘ಕುಟುಂಬ’. ಅದರೊಳಗೆ ಒಬ್ಬೊಬ್ಬ ಹೆಂಗಸಿನ ಶಾಖೆ ಒಂದೊಂದು ‘ಕವರು’. ಹಿರಿಯನು ಯಜಮಾನ, ಹಿರಿಯಳು ಹೆಣ್ಣಾಗಿದ್ದರೆ ಯಜಮಾನ್ತಿ. ಯಜಮಾನನು ಆಸ್ತಿಯ ಆಡಳಿತಗಾರನೇ ಹೊರತು ಒಡೆಯನಲ್ಲ. ಕುಟುಂಬದ ಅವಶ್ಯಕತೆಯಿಲ್ಲದೆ ಅದನ್ನು ಪರಭಾರೆ ಮಾಡುವ ಹಕ್ಕು ಅವನಿಗಿರಲಿಲ್ಲ. ಅವನ ಸ್ವಂತ ಮಕ್ಕಳಿಗೆ ಆ ಮನೆಯಲ್ಲಿ ಪಾಲಿರಲಿಲ್ಲ. ಅವರ ಮನೆ ಅವರ ತಾಯಿಯ ಮನೆ.

೧೮೬೨ರಲ್ಲಿ ಸ್ಥಾಪಿತವಾದ ಮದರಾಸು ಹೈಕೋರ್ಟು ತನ್ನ ಮೊದಲ ವರ್ಷಗಳಲ್ಲಿಯೇ ಈ ಕಟ್ಟಿಗೆ ನ್ಯಾಯಾಲಯದ ಮುದ್ರೆಯನ್ನೊತ್ತಿತು. ಸದಸ್ಯರೆಲ್ಲರ ಒಪ್ಪಿಗೆಯಿದ್ದರೆ ಮಾತ್ರ ವಿಭಾಗ. ಒಬ್ಬನು ಅಥವಾ ಒಂದು ಶಾಖೆಯು ಹಟದಿಂದ ಪಾಲು ಕೇಳುವಂತಿಲ್ಲ ಎಂಬುದು ಅಂದಿನಿಂದ ಸ್ಥಿರವಾದ ಶಾಸನವಾಯಿತು. ಕುಟುಂಬದೊಳಗೆ ಜಗಳಗಳಿರಲಿಲ್ಲವೆಂದಲ್ಲ. ಮನಸ್ಸು ಒಡೆದ ಶಾಖೆಗಳು ಅನುಭೋಗಕ್ಕೆಂದು ಬೇರೆ ಬೇರೆ ಗದ್ದೆಗಳನ್ನು ವಹಿಸಿಕೊಂಡು ದೂರವಿದ್ದ ನಿದರ್ಶನಗಳು ಹಲವಿವೆ. ಆದರೂ ಮೂಲಮನೆಯು ಕಾಗದದ ಮೇಲೆ ಒಡೆಯದೆ ಉಳಿಯಿತು. ಇಂದು ನಾವು ನೋಡುವ ದೊಡ್ಡ ಮನೆಗಳು ಇಷ್ಟು ದೀರ್ಘಕಾಲ ಅಖಂಡವಾಗಿದ್ದುದಕ್ಕೆ ಮರದ ಗಟ್ಟಿತನ ಎಷ್ಟು ಕಾರಣವೋ, ಪಾಲು ಕೇಳಲು ಅವಕಾಶವಿಲ್ಲದಿದ್ದುದೂ ಅಷ್ಟೇ ಕಾರಣ.

ಈ ಸ್ಥಿತಿಯನ್ನು ಬದಲಿಸಿದುದು ಮದರಾಸು ಶಾಸನಸಭೆಯು ಅಂಗೀಕರಿಸಿದ ೧೯೪೯ರ ಅಳಿಯಸಂತಾನ ಕಾಯಿದೆ. ಕವರಿಗೆ ವಿಭಾಗವನ್ನು ಕೇಳುವ ಹಕ್ಕು ಇದರಿಂದ ಮೊದಲಬಾರಿಗೆ ದೊರೆಯಿತು. ಆದರೂ ಕಾಯಿದೆಯು ಹಳೆಯ ತತ್ತ್ವವನ್ನು ಪೂರ್ತಿಯಾಗಿ ಕೈಬಿಡಲಿಲ್ಲ. ಹೆಣ್ಣುಸಂತತಿ ನಿಂತುಹೋದ ‘ನಿಸ್ಸಂತತಿ ಕವರಿ’ಗೆ ಸಾಮಾನ್ಯವಾಗಿ ಜೀವಾವಧಿಯ ಅನುಭೋಗವನ್ನು ಮಾತ್ರ ಕೊಟ್ಟಿತು. ಏಳು ವರ್ಷಗಳ ತರುವಾಯ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಉಳಿದ ಕಟ್ಟನ್ನೂ ಸಡಲಿಸಿತು. ಕುಟುಂಬದಲ್ಲಿ ಅಥವಾ ಕವರಿನಲ್ಲಿ ಒಬ್ಬನಿಗಿದ್ದ ಅವಿಭಕ್ತ ಹಿತವು ಅವನ ಮರಣಾನಂತರ ಆ ಕಾಯಿದೆಯ ಪ್ರಕಾರ ವಾರಸುದಾರರಿಗೆ, ಎಂದರೆ ಅವನ ಮಕ್ಕಳಿಗೂ, ಹೋಗತಕ್ಕದ್ದೆಂದು ವಿಧಿಸಲಾಯಿತು. ಅದೇ ವರ್ಷದ ನವೆಂಬರ್ ೧ರಂದು ಕಾಸರಗೋಡು ತಾಲೂಕನ್ನುಳಿದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಒಂದು ದಶಕದೊಳಗೆ ‘ಮನೆ ಯಾರದು’ ಎಂಬ ಪ್ರಶ್ನೆಗೆ ಉತ್ತರ ಬದಲಾಯಿತು. ಹಿಂದೆ ಅದು ಒಂದು ಸಂತಾನದ್ದು. ಈಗ ಎಣಿಸಬಹುದಾದ ಪಾಲುದಾರರದು. ಪಾಲು ಎಣಿಕೆಗೆ ಸಿಕ್ಕಿದ ಮೇಲೆ ಅದಕ್ಕೆ ಬೆಲೆ ಕಟ್ಟುವುದು ಅನಿವಾರ್ಯವಾಯಿತು.

ಇನ್ನು ಎರಡನೆಯ ಆಧಾರವಾದ ಗೇಣಿಯ ವಿಷಯ. ಜಿಲ್ಲೆಯಲ್ಲಿ ಮೂಲಗೇಣಿ, ವಾಯಿದೆಗೇಣಿ, ಚಾಲಗೇಣಿ ಎಂಬ ಪ್ರಭೇದಗಳಿದ್ದುವು. ಮೂಲಗೇಣಿದಾರನ ಹಕ್ಕು ಶಾಶ್ವತ, ಗೇಣಿ ಸ್ಥಿರ, ವಾಯಿದೆಗೇಣಿಗೆ ಅವಧಿಯುಂಟು, ಚಾಲಗೇಣಿದಾರನನ್ನಾದರೋ ವರ್ಗದಾರನು ಏಳಿಸಬಹುದಾಗಿತ್ತು. ಸಾಮಾನ್ಯವಾಗಿ ೪೨ ಸೇರಿಗೆ ಒಂದರಂತೆ ಕಟ್ಟಿದ ಅಕ್ಕಿಮುಡಿಗಳು ಒಕ್ಕಲುಗಳ ಅಂಗಳದಿಂದ ಗುತ್ತಿನ ಅಂಗಳಕ್ಕೆ ಬರುತ್ತಿದ್ದುವು. ವರ್ಷಾವಧಿ ನೇಮದ ಖರ್ಚು, ಮಾಡಿನ ದುರಸ್ತಿ, ಹತ್ತಾರು ಮಂದಿಯ ಊಟ ಇವೆಲ್ಲವೂ ಅದರಿಂದ ನಡೆಯಬೇಕಾಗಿತ್ತು. ಹಲಸಿನ ಕಂಬದ ಕೆತ್ತನೆಯನ್ನು ಮೆಚ್ಚುವಾಗ ಅದನ್ನು ಹೊತ್ತು ತಂದವರ ಮತ್ತು ಅದರ ವೆಚ್ಚಕ್ಕೆ ಅಕ್ಕಿ ಅಳೆದುಕೊಟ್ಟವರ ಮುಳಿಹುಲ್ಲಿನ ಗುಡಿಸಲುಗಳು ಒಂದೂ ಉಳಿದಿಲ್ಲವೆಂಬುದನ್ನು ಮರೆಯಲಾಗದು. ಅವು ವಿಕ್ರಯದ ಪ್ರಕಟಣೆಗೆ ಬರುವ ಮನೆಗಳಲ್ಲ.

೧೯೬೧ರ ಭೂಸುಧಾರಣಾ ಕಾಯಿದೆ ೧೯೬೫ರಲ್ಲಿ ಜಾರಿಗೆ ಬಂದರೂ ಅದರ ಪೂರ್ಣ ಪರಿಣಾಮ ಕಂಡುಬಂದುದು ದೇವರಾಜ ಅರಸರ ಕಾಲದ ತಿದ್ದುಪಡಿಯ ತರುವಾಯವೇ. ೧೯೭೪ರ ಮಾರ್ಚ್ ೧ರಿಂದ ಗೇಣಿಗೆ ಕೊಟ್ಟ ಕೃಷಿಭೂಮಿಯೆಲ್ಲವೂ ಸರಕಾರಕ್ಕೆ ಸಂದಿತು. ಉಳುವವರು ಭೂನ್ಯಾಯಮಂಡಲಿಯ ಮುಂದೆ ಅರ್ಜಿ ಕೊಟ್ಟು ಅದನ್ನು ತಮ್ಮದಾಗಿಸಿಕೊಂಡರು. ತಲೆಮಾರುಗಳಿಂದ ಏಳಿಸುವ ಭಯದಲ್ಲಿ ಬದುಕಿದ್ದ ಒಕ್ಕಲಿಗೆ ಇದು ನ್ಯಾಯ. ಅಲ್ಪ ಭೂಮಿಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಜೀವಿಸುತ್ತಿದ್ದ ವಿಧವೆಯರಿಗೆ ಇದರಿಂದ ಕಷ್ಟವಾದದ್ದೂ ಸತ್ಯ. ಮನೆಯ ಮಟ್ಟಿಗೆ ಹೇಳುವುದಾದರೆ, ಕಾಯಿದೆಯು ಗುತ್ತಿನ ಮನೆಯನ್ನು ಮುಟ್ಟಲಿಲ್ಲ. ಅದರ ಕಣಜವನ್ನು ಬರಿದುಮಾಡಿತು. ನೂರು ಮುಡಿ ಅಕ್ಕಿಯ ಆದಾಯಕ್ಕೆ ತಕ್ಕಂತೆ ಕಟ್ಟಿದ ಮನೆ, ಆ ಆದಾಯವಿಲ್ಲದೆ, ಅದೇ ಮಳೆಗೆ ಎದುರಾಗಿ ನಿಲ್ಲಬೇಕಾಯಿತು.

ಇಲ್ಲಿಂದ ಈ ಇತಿಹಾಸವು ಮುಂಬಯಿಗೆ ಬಂದು ಸೇರುತ್ತದೆ. ಕರಾವಳಿಯವರು ಮುಂಬಯಿಗೆ ಬಂದುದು ೧೯೭೪ರ ಮೊದಲೇ. ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೨ರಲ್ಲಿಯೂ ಬಂಟರ ಸಂಘ ೧೯೨೭ರಲ್ಲಿಯೂ ಈ ನಗರದಲ್ಲಿ ಸ್ಥಾಪಿತವಾಗಿದ್ದುವು. ಕಣಜ ಬರಿದಾದ ಬಳಿಕ ಮುಂಬಯಿಯ ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದವರ ಹಣವೇ ಎಷ್ಟೋ ಮನೆಗಳ ಮಾಡಿಗೆ ಹಂಚಾಯಿತು, ನೇಮಗಳನ್ನು ಉಳಿಸಿತು, ಕೆಲವು ದೈವಸ್ಥಾನಗಳನ್ನು ಹೊಸತಾಗಿ ಕಟ್ಟಿಸಿತು. ಆದರೆ ಹಣ ಕಳುಹಿಸುವವನು ವರ್ಷಕ್ಕೊಮ್ಮೆ ಬರುವವನು. ಒಲೆಯ ಹೊಗೆ ತಾಗದ ಮಾಡಿನ ಮರಕ್ಕೆ ಗೆದ್ದಲು ಹಿಡಿಯುತ್ತದೆ; ಜಾರಿದ ಒಂದು ಹಂಚನ್ನು ಜೂನ್ ತಿಂಗಳ ಮೊದಲು ಸರಿಪಡಿಸದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಕೆಳಗಿನ ಮಣ್ಣಿನ ಗೋಡೆ ಕುಳಿತಿರುತ್ತದೆ. ೧೯೯೮ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದಮೇಲೆ ಊರು ಹತ್ತಿರವಾಯಿತು. ಬೀಗ ಹಾಕಿದ ಮನೆಗಳ ಸಂಖ್ಯೆ ಮಾತ್ರ ಅದರಿಂದ ಇಳಿಯಲಿಲ್ಲ. ಇಪ್ಪತ್ತು ಮಂದಿ ಪಾಲುದಾರರಲ್ಲಿ ದುರಸ್ತಿಯ ವೆಚ್ಚವನ್ನು ಯಾರು ವಹಿಸಬೇಕೆಂಬ ವಿಚಾರ ಇತ್ಯರ್ಥವಾಗದೆ ಉಳಿದಾಗ, ವಿಕ್ರಯವೊಂದೇ ಎಲ್ಲರಿಗೂ ಒಪ್ಪಿಗೆಯಾಗುವ ದಾರಿಯಾಗುತ್ತದೆ.

ಈ ವಿಕ್ರಯ ಎರಡು ಬಗೆಯದು. ಮೊದಲನೆಯದರಲ್ಲಿ ಭೂಮಿಸಹಿತ ಮನೆಯನ್ನು ನೋಂದಾಯಿತ ಕ್ರಯಪತ್ರದ ಮೂಲಕ ಮಾರಲಾಗುತ್ತದೆ. ಇಂಥ ಪತ್ರಗಳಿಂದಲೂ ವಿಭಾಗಪತ್ರಗಳಿಂದಲೂ ದೈವದ ಕೋಣೆ, ನಾಗಬನ ಮತ್ತು ಅವಕ್ಕೆ ಹೋಗುವ ದಾರಿಯನ್ನು ಹೊರಗಿಟ್ಟು ಕುಟುಂಬದ ಸಮಾನ ಹಕ್ಕಿಗೆ ಉಳಿಸಿಕೊಳ್ಳುವ ರೂಢಿಯುಂಟು. ಬೆಲೆ ಕಟ್ಟಲಾಗದುದು ಯಾವುದೆಂಬುದರ ಬಗೆಗೆ ಕುಟುಂಬದ ತೀರ್ಮಾನವೇ ಇಲ್ಲಿ ಲಿಖಿತರೂಪದಲ್ಲಿ ದೊರೆಯುವುದರಿಂದ ಇತಿಹಾಸಕಾರನಿಗೆ ಈ ಪತ್ರಗಳು ಅಮೂಲ್ಯ. ಎರಡನೆಯ ಬಗೆಯಲ್ಲಿ ಭೂಮಿ ಉಳಿಯುತ್ತದೆ. ಮನೆಯನ್ನು ಬಿಚ್ಚಿ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಮಾತ್ರ ಮಾರಲಾಗುತ್ತದೆ. ನೆಲಕ್ಕೆ ಹೊಂದಿ ನಿಂತಿರುವವರೆಗೆ ಸ್ಥಿರಸೊತ್ತಾಗಿದ್ದ ಕಂಬವು ಬಿಚ್ಚಿ ಮಾರುವ ಕರಾರಾದೊಡನೆ ಸರಕೆನಿಸುತ್ತದೆ. ಸರಕಿಗೆ ನೋಂದಣಿ ಬೇಕಿಲ್ಲ. ಆದುದರಿಂದ ಹೀಗೆ ಹೋದ ಮನೆಯ ವಿಷಯದಲ್ಲಿ ಉಪನೋಂದಣಾಧಿಕಾರಿಯ ಪುಸ್ತಕದಲ್ಲಿ ಒಂದಕ್ಷರವೂ ಇರುವುದಿಲ್ಲ. ಕಂಬವು ದೂರದ ನಗರದ ವಸತಿಗೃಹದಲ್ಲಿ ನಿಲ್ಲುತ್ತದೆ. ಅದು ಯಾವ ಊರಿನ ಯಾವ ಚಾವಡಿಯದೆಂದು ಹೇಳುವವರಿರುವುದಿಲ್ಲ.

ಮನೆಯ ಪ್ರಾಯದ ವಿಷಯದಲ್ಲಿಯೂ ಎಚ್ಚರ ಅವಶ್ಯ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅವರ ಹಂಚುಗಳಲ್ಲಿ ಕಾಣುವ ‘೧೮೬೫’ ಎಂಬ ಅಂಕೆಯನ್ನು ತೋರಿಸಿ ಮನೆಯು ಆ ವರ್ಷದ್ದೆಂದು ಹೇಳುವವರುಂಟು. ಅದು ಉದ್ಯಮವು ಸ್ಥಾಪನೆಯಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದರಿಂದ, ಆ ಹೆಸರಿನ ಹಂಚು ಯುದ್ಧಾನಂತರದ ಕಾಲದ್ದೆಂದು ತಿಳಿಯಬೇಕು. ಹುಲ್ಲು ಅಥವಾ ನಾಡಹಂಚಿನ ಮಾಡನ್ನು ತೆಗೆದು ಹೊಸ ಹಂಚನ್ನು ಹೊದಿಸಿದ ಮನೆಗಳೂ ಇರುವುದರಿಂದ ಗೋಡೆ, ಮರ, ಹಂಚು ಈ ಮೂರರ ಪ್ರಾಯವನ್ನೂ ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ.

ಬಿಚ್ಚುವುದು ಅನಿವಾರ್ಯವಾದಾಗ ಮಾಡಬಹುದಾದುದಕ್ಕೆ ಮಣಿಪಾಲದಲ್ಲಿ ಮೇಲ್ಪಂಕ್ತಿಯಿದೆ. ವಿಜಯನಾಥ ಶೆಣೈಯವರು (೨೦೧೭ರಲ್ಲಿ ನಿಧನರಾದರು) ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ ಮೊದಲಾದುವನ್ನು ಬಿಚ್ಚಿ ತಂದು ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯುಳ್ಳ ಕಂಬಗಳು ತಮ್ಮ ಸ್ಥಾನದಲ್ಲಿಯೇ ಉಳಿದಿರುವುದು ಇನ್ನೊಂದು ಬಗೆಯ ನಿದರ್ಶನ. ಎಲ್ಲ ಮನೆಗಳಿಗೂ ಇಂಥ ಭಾಗ್ಯವಿರಲಾರದು. ಮನೆಯನ್ನು ಮಾರುವವರನ್ನು ದೂಷಿಸುವುದಕ್ಕೂ ಕಾರಣವಿಲ್ಲ. ಕಾಯಿದೆಗಳು ನ್ಯಾಯವಾಗಿಯೇ ಕೊಟ್ಟ ಹಕ್ಕನ್ನು ಅವರು ಉಪಯೋಗಿಸುತ್ತಿದ್ದಾರೆ.

ನಷ್ಟವಾಗುತ್ತಿರುವುದು ಬೇರೊಂದು. ಕಲೆಂಬಿಗೆ ಇಂದು ಗಿರಾಕಿಗಳುಂಟು. ಅದರೊಳಗಿದ್ದ ಕಡತಗಳಿಗೆ ಇಲ್ಲ. ಗೇಣಿಚೀಟಿಗಳು, ಮುಡಿಗಳ ಲೆಕ್ಕ, ನೇಮದ ಖರ್ಚಿನ ಪಟ್ಟಿ, ಅಡವುಪತ್ರಗಳು ಮನೆ ಬಿಚ್ಚುವ ದಿನ ರದ್ದಿಯಾಗುತ್ತವೆ, ಇಲ್ಲವೆ ಅಂಗಳದಲ್ಲಿ ಬೆಂಕಿಗೆ ಹೋಗುತ್ತವೆ. ಯಾವ ಒಕ್ಕಲು ಯಾವ ಗದ್ದೆಗೆ ಎಷ್ಟು ಅಳೆದನು, ಯಾವ ವರ್ಷ ಬೆಳೆ ಕೆಟ್ಟು ಬಾಕಿ ನಿಂತಿತು, ನೇಮದಲ್ಲಿ ಯಾರಿಗೆ ಯಾವ ಮರ್ಯಾದೆ ಸಲ್ಲುತ್ತಿತ್ತು ಎಂಬುದು ಈ ಕಾಗದಗಳಲ್ಲಲ್ಲದೆ ಬೇರೆ ಕಡೆ ದೊರೆಯುವುದು ವಿರಳ. ಗುಡಿಸಲು ಅಳಿದುಹೋದವರ ಹೆಸರುಗಳು ಉಳಿದಿರುವುದು ಗುತ್ತಿನ ಮನೆಯ ಲೆಕ್ಕದಲ್ಲಿಯೇ. ಆದುದರಿಂದ ಮನೆಯ ನಕ್ಷೆಯನ್ನು ಅಳತೆಸಹಿತ ಬರೆದಿಡುವುದು, ಮರ ಮತ್ತು ಹಂಚಿನ ಗುರುತುಗಳನ್ನು ದಾಖಲಿಸುವುದು, ಕಾಗದಪತ್ರಗಳ ಪ್ರತಿ ತೆಗೆದಿಡುವುದು ಈ ಮೂರು ಕೆಲಸಗಳು ಕ್ರಯದ ಮುಂಗಡ ಪಡೆಯುವುದಕ್ಕೆ ಮೊದಲೇ ನಡೆಯಬೇಕು. ಪಾಲುದಾರರಲ್ಲಿ ಅನೇಕರು ಮುಂಬಯಿಯಲ್ಲಿಯೇ ನೆಲೆಸಿದ್ದಾರೆ. ಮನೆಯ ಮಾರಾಟಕ್ಕೆ ಬೇಕಾದ ರುಜುಗಳು ಕೂಡುವುದು ಎಷ್ಟೋ ಸಲ ಈ ನಗರದಲ್ಲಿಯೇ. ಆ ರುಜುಗಳು ಬೀಳುವ ಮೊದಲು ಒಂದು ರಜೆಯ ಅವಧಿಯಲ್ಲಿ ಈ ಕೆಲಸವನ್ನು ಮುಗಿಸಬಹುದು. ಇದಕ್ಕೆ ಹೆಚ್ಚಿನ ದ್ರವ್ಯವೂ ಬೇಕಿಲ್ಲ. ಮನೆ ಕೈತಪ್ಪಿ ಹೋದರೂ, ಅದರಲ್ಲಿ ಉಂಡವರ ಮತ್ತು ಅದಕ್ಕೆ ಅಕ್ಕಿ ಅಳೆದವರ ಚರಿತ್ರೆಯು ಇಬ್ಬರ ಮೊಮ್ಮಕ್ಕಳಿಗೂ ಉಳಿಯುವುದು.