ಗ್ರಾಹಕನಲ್ಲದವನ ಗುಟ್ಟು

ಬ್ಯಾಂಕು ತನ್ನ ಗ್ರಾಹಕನ ಲೆಕ್ಕಪತ್ರದ ಗುಟ್ಟನ್ನು ಕಾಯಬೇಕೆಂಬ ನಿಯಮಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಸ್ಪಷ್ಟ ರೂಪ ದೊರೆತದ್ದು 1924ರಲ್ಲಿ ವರದಿಯಾದ ಟೂರ್ನಿಯರ್ ಪ್ರಕರಣದಲ್ಲಿ. ಶಾಖೆಯ ವ್ಯವಸ್ಥಾಪಕನು ಗ್ರಾಹಕನಿಗೆ ಕೆಲಸ ಕೊಟ್ಟಿದ್ದ ಸಂಸ್ಥೆಗೆ ದೂರವಾಣಿ ಮಾಡಿ, ಆತನ ಓವರ್‌ಡ್ರಾಫ್ಟ್ ಬಾಕಿಯನ್ನೂ, ಆತ ಬುಕ್ಕಿಗಳೊಡನೆ ವ್ಯವಹರಿಸುವಂತಿದೆ ಎಂಬ ಗುಮಾನಿಯನ್ನೂ ಹೊರಗೆಡವಿದ್ದರಿಂದ ಆತನ ಕೆಲಸ ಮುಂದುವರಿಯಲಿಲ್ಲ. ಗೋಪ್ಯತೆಯು ಬ್ಯಾಂಕು ಮತ್ತು ಗ್ರಾಹಕರ ಕರಾರಿನಲ್ಲೇ ಅಡಕವಾದ ಷರತ್ತೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಕರಾರೇ ಇಲ್ಲದವನ ಗುಟ್ಟಿಗೆ ಯಾರು ಹೊಣೆಯೆಂಬ ಪ್ರಶ್ನೆ ಅದರ ಮುಂದೆ ಬಂದಿರಲಿಲ್ಲ.

ಅಂಥ ಗುಟ್ಟುಗಳ ವ್ಯಾಪಾರವಾದರೋ ಅಮೆರಿಕದಲ್ಲಿ ಆ ವೇಳೆಗೆ ಕಾಲು ಶತಮಾನ ಹಳೆಯದಾಗಿತ್ತು. ವುಲ್‌ಫರ್ಡ್ ಸಹೋದರರು 1899ರಲ್ಲಿ ಅಟ್ಲಾಂಟದಲ್ಲಿ ತೆರೆದ ರೀಟೇಲ್ ಕ್ರೆಡಿಟ್ ಕಂಪನಿಯು, ಉದ್ರಿ ಬಾಕಿಯನ್ನು ಯಾರು ಹೊತ್ತಿಗೆ ಸರಿಯಾಗಿ ತೀರಿಸುತ್ತಾರೆ, ಯಾರು ಸತಾಯಿಸುತ್ತಾರೆ ಎಂಬ ಪಟ್ಟಿಯನ್ನು ಅಂಗಡಿಕಾರರಿಗೆ ಮಾರುತ್ತಿತ್ತು. ಮುಂದೆ ವಿಮಾ ಕಂಪನಿಗಳಿಗಾಗಿ ಜನರ ಕುಡಿತ, ನಡತೆಗಳನ್ನು ನೆರೆಹೊರೆಯಲ್ಲಿ ವಿಚಾರಿಸಿ ಕಡತಕ್ಕೆ ಸೇರಿಸತೊಡಗಿತು. ಹೆಸರು ಪಟ್ಟಿಯಲ್ಲಿದ್ದವನು ಇಲ್ಲಿ ಸರಕೇ ಹೊರತು ಗ್ರಾಹಕನಲ್ಲ. ಈ ಕಡತಗಳು ಕಂಪ್ಯೂಟರಿಗೆ ಏರಲಿವೆಯೆಂಬ ಆತಂಕದ ನಡುವೆ ಬಂದ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯು, ತನ್ನ ಕಡತದಲ್ಲಿ ಏನಿದೆಯೆಂದು ತಿಳಿಯುವ, ತಪ್ಪಿದ್ದರೆ ತಕರಾರು ಸಲ್ಲಿಸುವ ಹಕ್ಕನ್ನು ಆತನಿಗೆ ಕೊಟ್ಟಿತು. 1975ರಲ್ಲಿ ಕಂಪನಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು.

2017ರ ಮಾರ್ಚ್‌ನಲ್ಲಿ, ಜಾಲತಾಣಗಳನ್ನು ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಬಿರುಕೊಂದು ಪತ್ತೆಯಾಗಿ, ಅದನ್ನು ಮುಚ್ಚುವ ತೇಪೆಯೂ ಬಿಡುಗಡೆಯಾಯಿತು. ಈಕ್ವಿಫ್ಯಾಕ್ಸ್‌ನ ತಕರಾರು ಜಾಲತಾಣಕ್ಕೆ ಮಾತ್ರ ಆ ತೇಪೆ ಬೀಳಲಿಲ್ಲ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನ, ಸಾಮಾಜಿಕ ಭದ್ರತಾ ಸಂಖ್ಯೆ ಮುಂತಾದ ವಿವರಗಳು ಅಲ್ಲಿಂದ ಸೋರಿಹೋದವು. ತಪ್ಪು ತಿದ್ದಿಸಿಕೊಳ್ಳಲೆಂದು ಜನರಿಗೆ ತೆರೆದಿಟ್ಟ ಬಾಗಿಲಿನಿಂದಲೇ ಕಳ್ಳರು ಒಳಹೊಕ್ಕಿದ್ದರು. ಸುದ್ದಿ ಹೊರಬಿದ್ದದ್ದು ಸೆಪ್ಟೆಂಬರ್ 7ರಂದು. ಎರಡು ವರ್ಷಗಳ ನಂತರ ಕಂಪನಿ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಿತು. ಆದರೆ ಸಾಲದ ಕಡತದ ಮೇಲೆ ಉಚಿತ ಕಣ್ಗಾವಲಿನ ಸೇವೆ ಬೇಡವೆಂದವರಿಗೆ ಘೋಷಿಸಿದ್ದ 125 ಡಾಲರಿಗೆ ಮೀಸಲಿಟ್ಟದ್ದು 3.1 ಕೋಟಿ ಡಾಲರ್ ಮಾತ್ರ, ಅಂದರೆ ಸುಮಾರು ಎರಡೂವರೆ ಲಕ್ಷ ಜನರಿಗೆ ಸಾಲುವಷ್ಟು. ಅರ್ಜಿಗಳು ಮುಗಿಬಿದ್ದಾಗ ಉಚಿತ ಸೇವೆಯನ್ನೇ ಆರಿಸಿಕೊಳ್ಳುವಂತೆ ಸರ್ಕಾರಿ ಆಯೋಗವೇ ಜನರಿಗೆ ಸಲಹೆ ನೀಡಬೇಕಾಯಿತು.

ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 43ಎ ಕಲಮು ಕರಾರಿನ ಗೊಡವೆಗೆ ಹೋಗದೆ, ಸೂಕ್ಷ್ಮ ಮಾಹಿತಿಯ ರಕ್ಷಣೆಯಲ್ಲಿ ಅಸಡ್ಡೆ ತೋರಿದ ಕಂಪನಿಯು ನಷ್ಟಗೊಂಡವನಿಗೇ ಪರಿಹಾರ ಕೊಡಬೇಕೆಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು, ಈಕ್ವಿಫ್ಯಾಕ್ಸ್ ಸುದ್ದಿಗೆ ಎರಡು ವಾರ ಮುಂಚೆ. ಆ ತೀರ್ಪಿನ ಬೆನ್ನಿಗೆ ರೂಪುಗೊಂಡ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ರಕ್ಷಣೆಯಲ್ಲಿ ಸೋತ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. 43ಎ ಕಲಮನ್ನು ತೆಗೆದುಹಾಕಲೂ ಅದರಲ್ಲೇ ಅವಕಾಶವಿದೆ, ವಸೂಲಾದ ದಂಡವು ಭಾರತದ ಸಂಚಿತ ನಿಧಿಗೆ ಸೇರುತ್ತದೆ.